ನೋಯದ ಹುಣ್ಣು, ಯಾರೂ ನೋಡದ ಪಾದ

ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿ ರೋಗಿಗಳು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬರುತ್ತಾರೆ. ಸಕ್ಕರೆ ಕಾಯಿಲೆಯವರು ಡಾಕ್ಟರ ಎದುರು ಕೂತಾಗ ಅವರ ಬರಿಗಾಲು ಮೇಜಿನ ಕೆಳಗೇ ಇರುತ್ತದೆ. ಮೇಜಿನ ಮೇಲೆ ರಕ್ತ ಪರೀಕ್ಷೆಯ ಚೀಟಿ. ಊಟಕ್ಕೆ ಮೊದಲು ಎಷ್ಟು, ಊಟವಾದ ಮೇಲೆ ಎಷ್ಟು, ಮಾತ್ರೆ ಸಾಕೋ ಇನ್ಸುಲಿನ್ ಬೇಕೋ ಎಂಬ ಮಾತುಕತೆ ನಡೆಯುತ್ತದೆ. ಬಗ್ಗಿ ಪಾದ ನೋಡುವವರು ಅಪರೂಪ. ಮುಂದೆಂದೋ ಅದೇ ಪಾದದ ಬೆರಳು ಕಪ್ಪಾಗಿ, ವಾಸನೆ ಬಂದು, ‘ಕಾಲು ತೆಗೆಯದೆ ವಿಧಿಯಿಲ್ಲ’ ಎಂದು ಸರ್ಜನ್ ಹೇಳಿದಾಗ ಮನೆಮಂದಿಗೆಲ್ಲ ಸಿಡಿಲು ಬಡಿದಂತಾಗುತ್ತದೆ. ಆದರೆ ಈ ಸಿಡಿಲಿಗೆ ಮೊದಲು ತಿಂಗಳುಗಟ್ಟಲೆ ಮೋಡ ಕಟ್ಟಿರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಕಾಲು ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಹೊರರೋಗಿ ವಿಭಾಗದ ಆ ಮೇಜಿನ ಕೆಳಗೆ. ಆಪರೇಷನ್ ಥಿಯೇಟರಿಗೆ ಬರುವ ಹೊತ್ತಿಗೆ ಆಯ್ಕೆಗಳು ಮುಗಿದಿರುತ್ತವೆ.

ಪಾದದ ಮಾಂಸ ಸಾಯುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವರ್ಷಗಟ್ಟಲೆ ಏರಿದ ಸಕ್ಕರೆ ನರಗಳನ್ನು ಹಾಳುಮಾಡುತ್ತದೆ. ಮೊದಲು ಜೋಮು, ಉರಿ. ಆಮೇಲೆ ಸ್ಪರ್ಶವೇ ಇಲ್ಲ. ಬೆವರಿನ ನರಗಳು ಕೆಟ್ಟು ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಮಡಚಿಕೊಳ್ಳುತ್ತವೆ, ಮೈಭಾರವೆಲ್ಲ ಹೆಬ್ಬೆರಳಿನ ಬುಡದ ಮೂಳೆಯ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ದಪ್ಪಗಟ್ಟಿ ಆಣಿಯಂತಾಗುತ್ತದೆ. ಹಳದಿ ಬಣ್ಣದ ಆ ಗಟ್ಟಿ ಚರ್ಮದ ನಡುವೆ ಕೆಲವೊಮ್ಮೆ ಕಪ್ಪು ಚುಕ್ಕೆಯೊಂದು ಕಾಣಿಸುತ್ತದೆ. ಕೊಳೆಯೆಂದು ಉಜ್ಜಿದರೆ ಹೋಗುವುದಿಲ್ಲ. ಒಳಗೆ ರಕ್ತ ಒಸರಿ ಹೆಪ್ಪುಗಟ್ಟಿದೆ, ಅಡಿಯಲ್ಲಿ ಹುಣ್ಣು ಆಗಲೇ ಹುಟ್ಟಿದೆ ಎಂಬುದರ ಗುರುತು ಅದು. ಇನ್ನೊಂದು ಕಡೆ ಮೊಣಕಾಲಿನ ಕೆಳಗಿನ ರಕ್ತನಾಳಗಳು ಕಿರಿದಾಗುತ್ತಿರುತ್ತವೆ. ಗಾಯ ಮಾಯಲು ಬೇಕಾದ ರಕ್ತ ಬರುವುದಿಲ್ಲ, ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣಗಳೂ ಬರುವುದಿಲ್ಲ, ನುಂಗಿದ ಆಂಟಿಬಯಾಟಿಕ್ಕೂ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಪ್ರತಿ 100 ಮಂದಿಯಲ್ಲಿ ಸುಮಾರು 85 ಮಂದಿಗೆ ಮೊದಲು ಬಂದದ್ದು ಇಂಥದೊಂದು ಹುಣ್ಣು. ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ಅಷ್ಟು ಜನರ ಪಾದಗಳ ಲೆಕ್ಕ ಇದು.

‘ರೋಗಿಗಳೇ ಅಸಡ್ಡೆ ಮಾಡುತ್ತಾರೆ, ಹುಣ್ಣು ಕೊಳೆತ ಮೇಲೆ ಬರುತ್ತಾರೆ’ ಎಂಬ ದೂರು ಆಸ್ಪತ್ರೆಗಳಲ್ಲಿ ಸಾಮಾನ್ಯ. ತಡವಾಗಿ ಬರುತ್ತಾರೆ ಎಂಬುದು ನಿಜ, ಅಸಡ್ಡೆ ಎಂಬುದನ್ನು ಒಪ್ಪಲಾಗದು. ನೋವು ಇದ್ದರೆ ತಾನೇ ಯಾರಾದರೂ ಆಸ್ಪತ್ರೆಗೆ ಓಡುವುದು? ಇದನ್ನು ಜಗತ್ತಿಗೆ ಮನಗಾಣಿಸಿದ್ದು ನಮ್ಮ ನೆರೆಯ ವೆಲ್ಲೂರು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದಾಗ, ಕುಷ್ಠರೋಗವೇ ಬೆರಳುಗಳನ್ನು ಕೊಳೆಸುತ್ತದೆ ಎಂದು ವೈದ್ಯರೂ ನಂಬಿದ್ದರು. ಬೆರಳುಗಳು ಹೋಗುತ್ತಿದ್ದುದು ನೋವು ತಿಳಿಯದೆ ಆಗುವ ಸುಟ್ಟಗಾಯ, ತರಚು, ಒತ್ತಡದಿಂದ ಎಂದು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಇಲಿ ಬೆರಳು ಕಚ್ಚಿ ತಿಂದರೂ ರೋಗಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕಾಗಿ ಬೆಕ್ಕು ಸಾಕಬೇಕಾಯಿತು. 1966ರಲ್ಲಿ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಅವರು ಇದೇ ತಿಳಿವನ್ನು ಸಕ್ಕರೆ ಕಾಯಿಲೆಯ ಪಾದಗಳಿಗೂ ಅನ್ವಯಿಸಿದರು. ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸುವಾಗ ಚರ್ಮ ಬೆಂದದ್ದು, ಚೈತ್ರದ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವಾಗ ಅಂಗಾಲು ಬೊಬ್ಬೆಯೆದ್ದದ್ದು, ಗದ್ದೆ ಕೆಲಸದಲ್ಲಿ ಮುಳ್ಳು ಮುರಿದು ಒಳಗೇ ಉಳಿದದ್ದು ಗೊತ್ತೇ ಆಗದವರನ್ನು ಬೈದು ಏನು ಪ್ರಯೋಜನ? ಅವರಿಗೆ ಇಲ್ಲದ ನೋವಿನ ಕೆಲಸವನ್ನು ಬೇರೆಯವರ ಕಣ್ಣು ಮಾಡಬೇಕು.

ದಿನಕ್ಕೆ ನೂರು ರೋಗಿಗಳನ್ನು ನೋಡುವ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಪಾದ ನೋಡಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ತೂಕದ್ದು. ಆದರೆ ಈ ಕೆಲಸಕ್ಕೆ ಡಾಕ್ಟರೇ ಬೇಕಿಲ್ಲ, ಯಂತ್ರವೂ ಬೇಕಿಲ್ಲ. ಅಂಗಾಲಿಗೆ ಒತ್ತಿದಾಗ 10 ಗ್ರಾಂ ಭಾರಕ್ಕೆ ಬಾಗುವ ನೈಲಾನ್ ಎಳೆಯೊಂದಿದ್ದರೆ ಸ್ಪರ್ಶ ಉಳಿದಿದೆಯೇ ಎಂದು ತಿಳಿಯುತ್ತದೆ. ಅದೂ ಇಲ್ಲದಿದ್ದರೆ ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ವಿಧಾನವಿದೆ: ರೋಗಿ ಕಣ್ಣು ಮುಚ್ಚಿಕೊಂಡಿರುವಾಗ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಹಗುರವಾಗಿ ಮುಟ್ಟುವುದು, ಮುಟ್ಟಿದ್ದು ತಿಳಿಯಿತೇ ಎಂದು ಕೇಳುವುದು. ಆರರಲ್ಲಿ ಎರಡು ಕಡೆ ತಿಳಿಯದಿದ್ದರೂ ಆ ಪಾದಕ್ಕೆ ಅಪಾಯವಿದೆ. ಒಂದೆರಡು ನಿಮಿಷದ ಕೆಲಸ. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯದಂಥ ಯೋಜನೆ ನಮ್ಮ ರಾಜ್ಯದಲ್ಲಿದೆ. ಬೆರಳ ತುದಿಯಿಂದ ರಕ್ತ ತೆಗೆದವರು ಕಾಲ್ಬೆರಳನ್ನೂ ಮುಟ್ಟಿ ನೋಡುವುದು ಅಸಾಧ್ಯವೇನಲ್ಲ. ಸ್ಪರ್ಶ ಇರುವವರನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು. ಹಿಂದೊಮ್ಮೆ ಹುಣ್ಣಾಗಿದ್ದವರನ್ನು ಮಾತ್ರ ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕು.

ಹೃದಯಾಘಾತದ ವಿಷಯದಲ್ಲಿ ನಾವು ತಡಮಾಡಬಾರದೆಂಬ ವಿವೇಕ ಕಲಿತಿದ್ದೇವೆ. ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತದೆ ಎಂದು ಒಪ್ಪಿದ್ದರಿಂದಲೇ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗುವಂತಾಯಿತು. ಪಾದದಲ್ಲಿ ಸಾಯುವುದೂ ಮಾಂಸವೇ, ಕಾರಣವೂ ರಕ್ತ ಮುಟ್ಟದಿರುವುದೇ. ಗಡಿಯಾರ ತುಸು ನಿಧಾನ, ಅಷ್ಟೆ. ಆ ನಿಧಾನವನ್ನು ಉಪಯೋಗಿಸಿಕೊಳ್ಳುವ ಬದಲು ಅದನ್ನೇ ನೆಪವಾಗಿಸಿಕೊಂಡು ಡ್ರೆಸ್ಸಿಂಗ್ ಬದಲಿಸುತ್ತಾ ವಾರಗಳನ್ನು ಕಳೆಯುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ, ಕಾಲು ತೆಗೆಯುವುದೇ ತಪ್ಪು ಎಂದು ಯಾರೂ ತಿಳಿಯಬಾರದು. ಹಸಿ ಗ್ಯಾಂಗ್ರೀನ್ ಗಂಟೆಗಳಲ್ಲಿ ಹಬ್ಬಿ ರಕ್ತಕ್ಕೆ ನಂಜು ಏರಿಸುತ್ತದೆ. ಜ್ವರ, ಕೆಟ್ಟ ವಾಸನೆ, ಮಂಕು ಕವಿದಂಥ ಸ್ಥಿತಿ ಇರುವಾಗ ‘ಇನ್ನೆರಡು ದಿನ ನೋಡೋಣ’ ಎಂದು ಮನೆಯವರು ಹಟ ಹಿಡಿದರೆ ಕಾಲಿನ ಜೊತೆ ಜೀವವೂ ಹೋಗಬಹುದು. ಸತ್ತ ಮಾಂಸವನ್ನು ಕೆರೆದು ತೆಗೆಯದೆ ಹುಣ್ಣು ಮಾಯುವುದಿಲ್ಲ, ಏಕೆಂದರೆ ರೋಗಾಣುಗಳು ಬೀಡುಬಿಡುವುದೇ ಅಲ್ಲಿ. ಹಾಗೆಂದು ಸೋಂಕಿಲ್ಲದೆ ಒಣಗಿ ಕಪ್ಪಾಗಿ ನಿಂತ ಭಾಗಕ್ಕೆ, ರಕ್ತ ಸಂಚಾರ ಎಷ್ಟಿದೆ ಎಂದು ನೋಡದೆ ಕತ್ತರಿ ಹಾಕಿದರೆ ಗಾಯ ಇನ್ನಷ್ಟು ದೊಡ್ಡದಾಗಬಹುದು. ಮುಚ್ಚಿದ ರಕ್ತನಾಳವನ್ನು ಮೊದಲು ಬಿಡಿಸಿದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಿದ್ದ ಕಾಲು ಎಷ್ಟೋ ಸಲ ಒಂದು ಬೆರಳು ಹೋಗುವುದರಲ್ಲೇ ಉಳಿಯುತ್ತದೆ. ಹಾಗಾಗಿ ತುರ್ತು ಪ್ರಾಣಾಪಾಯವಿಲ್ಲದ ಪ್ರತಿ ಪ್ರಕರಣದಲ್ಲೂ ಕಾಲು ತೆಗೆಯುವ ಮುನ್ನ ಡಾಪ್ಲರ್‌ನಿಂದಾದರೂ ರಕ್ತ ಸಂಚಾರ ನೋಡಿ ಬರೆದಿಡುವುದು ಕಡ್ಡಾಯವಾಗಬೇಕು. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಕಾಲು ಕಳೆದುಕೊಂಡ ಸಕ್ಕರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ 5 ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಕೂಲಿ ಮಾಡಿ ಬದುಕುವವರಿಗಂತೂ ಕಾಲು ಹೋದ ದಿನವೇ ಸಂಪಾದನೆಯೂ ನಿಂತುಹೋಗುತ್ತದೆ.

ಖರ್ಚಿನ ಮಾತಿಗೆ ಬಂದರೆ, ಇಲ್ಲಿ ಬೇಕಿರುವ ಮುಖ್ಯ ಸಾಮಾನು ಒಂದು ಜೊತೆ ಚಪ್ಪಲಿ. ಮೆತ್ತಗಿನ ಒಳಪದರ, ಮುಳ್ಳು ತೂರದ ಅಡಿ, ಬೆರಳಿನ ಸಂದಿಗೆ ಉಂಗುಟದ ಬದಲು ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ. ಮೈಕ್ರೋ ಸೆಲ್ಯುಲಾರ್ ರಬ್ಬರಿನ ಇಂಥ ಚಪ್ಪಲಿಗಳನ್ನು ಸರ್ಕಾರ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸ್ಪರ್ಶ ಕಳೆದುಕೊಂಡವರಿಗೆ ಉಚಿತವಾಗಿ ಕೊಡುತ್ತಲೇ ಬಂದಿದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡವರಿಗೂ ಅದೇ ಚಪ್ಪಲಿ ಅದೇ ಆರೋಗ್ಯ ಕೇಂದ್ರದಲ್ಲಿ ಸಿಗಬೇಕು, ಒಂದಲ್ಲ ಎರಡು ಜೊತೆ. ಹೊಸ್ತಿಲಾಚೆ ಚಪ್ಪಲಿ ಬಿಡುವ ಮನೆಗಳಲ್ಲಿ ಒಳಗೆ ಮೆಟ್ಟಲು ಇನ್ನೊಂದು ಜೊತೆ ಇಲ್ಲದಿದ್ದರೆ ಆ ಪಾದ ದಿನದ ಬಹುಹೊತ್ತು ಬರಿದಾಗಿಯೇ ನೆಲ ಮೆಟ್ಟುತ್ತಿರುತ್ತದೆ.