ಮಕ್ಕಳ ಪಗಾರ ಯಾರದು?

“ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಆದರೆ ಈವತ್ತಿಗೂ ನನ್ನ ಮಾತು ಮೀರಿಲ್ಲ” ಎಂದು ಬೀದರದ ಗಾಂಧಿಗಂಜಿನ ಹಿರಿಯ ವ್ಯಾಪಾರಿಗಳೊಬ್ಬರು ನಮ್ಮೆದುರು ಹೆಮ್ಮೆಯಿಂದ ನುಡಿದರು. ಮಗನಿಗೆ ಇಪ್ಪತ್ತಾರು ತುಂಬಿದೆ. ಅಂಗಡಿಯ ಬಾಗಿಲು ತೆರೆಯುವವನು ಅವನು, ಮುಚ್ಚುವವನೂ ಅವನೇ. ತಿಂಗಳಿಗೆ ಅವನಿಗೆ ಏನು ಕೊಡುತ್ತೀರಿ ಎಂದು ಕೇಳಿದೆವು. “ಮನೆಯ ಹುಡುಗನಿಗೆ ಪಗಾರವೇ?” ಎಂದು ನಕ್ಕುಬಿಟ್ಟರು. ಅದೇ ಅಂಗಡಿಯ ಹಮಾಲನಿಗಾದರೂ ಚೀಲಕ್ಕೆ ಇಷ್ಟೆಂದು ಲೆಕ್ಕವುಂಟು. ಮಗನಿಗೆ ಅದೂ ಇಲ್ಲ. ಚಪ್ಪಲಿ ಹರಿದರೆ ತಂದೆಯ ಮುಂದೆ ಕೈಯೊಡ್ಡಬೇಕು.

ಇದು ಒಂದು ಮನೆಯ ಮಾತಲ್ಲ. ಭಾಲ್ಕಿಯಲ್ಲಿ ಬಟ್ಟೆ ಅಂಗಡಿಗೆ ದುಡಿಯಲು ಹೋಗುವ ಹುಡುಗಿಯ ಪಗಾರ ಅವಳದೇ ಮದುವೆಯ ಖರ್ಚಿಗೆಂದು ಮನೆಯವರ ಕೈ ಸೇರುತ್ತದೆ. ವರದಕ್ಷಿಣೆ ನಿಷೇಧದ ಕಾನೂನು 1961ರಲ್ಲಿಯೇ ಬಂದಿದ್ದರೂ ಆ ಖರ್ಚು ಯಾವುದೆಂದು ಎಲ್ಲರಿಗೂ ಗೊತ್ತು. ಔರಾದ ಕಡೆಯಿಂದ ಹೈದರಾಬಾದಿಗೋ ಪುಣೆಗೋ ಹೋದ ತರುಣ ಹಣ ಕಳಿಸುವುದು ನಾಲ್ಕು ದಿನ ತಡವಾದರೆ ಊರಿನಿಂದ ಫೋನು ಬರುತ್ತದೆ. ಹದಿನೆಂಟು ತುಂಬಿದವರಿಗೆ 1989ರಲ್ಲಿ ಮತದ ಹಕ್ಕು ದೊರೆಯಿತು. ತಮ್ಮ ದುಡಿಮೆಯ ಹಣವನ್ನು ತಾವೇ ಎಣಿಸಿಕೊಳ್ಳುವ ಹಕ್ಕು ಮಾತ್ರ ಇನ್ನೂ ಮನೆಯ ಹೊಸಿಲು ದಾಟಿ ಒಳಗೆ ಬಂದಿಲ್ಲ.

ಕಾನೂನು ಏನು ಹೇಳುತ್ತದೆ? ಅವಿಭಕ್ತ ಕುಟುಂಬದ ಹಣದಿಂದ ಓದಿ ಐ.ಸಿ.ಎಸ್. ಅಧಿಕಾರಿಯಾದವನೊಬ್ಬನ ಗಳಿಕೆ ಕುಟುಂಬಕ್ಕೇ ಸೇರಿದ್ದೆಂದು 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತ್ತು. ಎಂ. ಆರ್. ಜಯಕರರ ಪ್ರಯತ್ನದಿಂದ 1930ರಲ್ಲಿ ಅದು ತಿರುಗಿತು: ಯಾರ ಹಣದಿಂದ ಓದಿದರೂ ವಿದ್ಯೆಯ ಗಳಿಕೆ ಗಳಿಸಿದವನ ಸ್ವಂತದ್ದೆಂದು ಬ್ರಿಟಿಷ್ ಇಂಡಿಯಾದಲ್ಲಿ ಶಾಸನವಾಯಿತು. 2005ರ ತಿದ್ದುಪಡಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಹಕ್ಕು ಬಿಟ್ಟೆನೆಂಬ ಕಾಗದಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವ ಮನೆಗಳು ನಮ್ಮ ಓದುಗರಲ್ಲಿಯೇ ಇಲ್ಲವೇ?

ಹಾಗಾದರೆ ತಂದೆತಾಯಿಗಳು ದುಷ್ಟರೋ? ಹಾಗೆನ್ನುವುದು ಸುಲಭ, ಆದರೆ ಸುಳ್ಳು. ಜೀವಮಾನವೆಲ್ಲ ಮಿಲ್ಲಿನಲ್ಲಿ ದುಡಿದವನಿಗೆ ಭವಿಷ್ಯನಿಧಿಯ ಯೋಜನೆಯಲ್ಲಿ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಗುತ್ತಿಗೆಯಲ್ಲಿ ದುಡಿದು ನಿಧಿಗೆ ಹೆಸರೇ ಸೇರದವನಿಗೆ ಅದೂ ಇಲ್ಲ. ಅಂಥ ತಂದೆಗೆ ಮಗನೇ ಪಿಂಚಣಿ. ಮಗ ಬೇರೆಯಾದರೆ ಮುಪ್ಪಿನಲ್ಲಿ ಅನ್ನವೆಲ್ಲಿ ಎಂಬ ಭಯದಿಂದ ಅವನು ಮಗನ ಜೇಬನ್ನು ಬಿಗಿಹಿಡಿಯುತ್ತಾನೆ. ನಾವು ಮೇಷ್ಟರಾಗಿದ್ದಾಗ ‘ತಂದೆಯ ಮಾತು ಮೀರಬಾರದು’ ಎಂದು ಎಷ್ಟೋ ಸಲ ಹಲಗೆಯ ಮೇಲೆ ಬರೆದವರೇ. ಆ ಮಾತಿನ ಹಿಂದೆ ಇಂಥ ಭಯವಿರಬಹುದೆಂದು ಆಗ ಹೊಳೆದಿರಲಿಲ್ಲ.

ಈ ಭಯದ ಲಾಭ ಯಾರಿಗೆ? ಬೇಳೆ ಮಿಲ್ಲಿನಲ್ಲಿ ಗುತ್ತಿಗೆಯ ಕೂಲಿ ಪಡೆಯುವ ತರುಣ ಅದರಿಂದ ಒಂದು ಬಾಡಿಗೆ ಕೋಣೆ ಹಿಡಿದು ಸಂಸಾರ ಹೂಡಲಾರ. ಹುಡುಗ ತಂದೆಯ ಮನೆಯಲ್ಲಿ ಉಣ್ಣುತ್ತಾನೆಂಬುದು ಮಾಲಕನಿಗೆ ಗೊತ್ತಿದೆ. ಆದುದರಿಂದಲೇ ಅರೆಹೊಟ್ಟೆಯ ಕೂಲಿ ಕೊಟ್ಟು ಪಾರಾಗುತ್ತಾನೆ. ಮಾಲಕ ಉಳಿಸಿದ ಅರ್ಧ ಕೂಲಿಯನ್ನು ಮನೆಯಲ್ಲಿ ತಾಯಿ ರೊಟ್ಟಿ ಬಡಿದು ತುಂಬಿಕೊಡುತ್ತಾಳೆ. ಇತ್ತ ತಂದೆಮಗ ಒಬ್ಬರನ್ನೊಬ್ಬರು ಕೃತಘ್ನ, ನಿರ್ದಯಿ ಎಂದು ಬೈದುಕೊಳ್ಳುತ್ತಾರೆ!

2024ರ ಜನವರಿಯಲ್ಲಿ ಹಣ ಸಂದಾಯವಾಗತೊಡಗಿದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500 ರೂಪಾಯಿಯನ್ನು ಅವರವರ ಖಾತೆಗೇ ಹಾಕುತ್ತದೆ. ಒಳ್ಳೆಯದೇ. ಆದರೆ ಅದು ಎರಡು ವರ್ಷದ ಮಾತು. ಮಿಲ್ಲಿಗೋ ಅಂಗಡಿಗೋ ಸೇರಿದ, ಶಾಲೆ ಬಿಟ್ಟ ಹುಡುಗನಿಗೆ ಅದರಲ್ಲಿ ಪಾಲಿಲ್ಲ.

ತರುಣರ ಕೂಲಿಯ ಪ್ರಶ್ನೆಯನ್ನೂ ಮುದುಕರ ಪಿಂಚಣಿಯ ಪ್ರಶ್ನೆಯನ್ನೂ ಸಂಘಗಳು ಒಂದೇ ಬೇಡಿಕೆಯಾಗಿ ಎತ್ತಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ತಂದೆಗೆ ಪಿಂಚಣಿ ಸಾಲುವಷ್ಟಾದ ದಿನ ಮಗಳ ಪಾಸ್‌ಬುಕ್ ಅವಳ ಕೈಯಲ್ಲಿದ್ದರೆ ಅವನಿಗೆ ಹೆದರಿಕೆಯಾಗದು. ಮಿಲ್ಲಿನ ಕಾರ್ಮಿಕ ಇದಕ್ಕಾಗಿ ಹೋರಾಡಬೇಕಾಗಿದೆ, ಕಾಯಬೇಕಾಗಿದೆ. ಸಣ್ಣ ವ್ಯಾಪಾರಿಯಾದರೋ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಬರುವ ದೀಪಾವಳಿಯಲ್ಲಿ ಹೊಸ ಕಿರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚುವಾಗ ಹಮಾಲರ ಲೆಕ್ಕದ ಪಕ್ಕದಲ್ಲಿ ಮಗನ ಹೆಸರಿಗೂ ಒಂದು ಪುಟ ತೆರೆದು, ಮೊದಲ ತಿಂಗಳ ಪಗಾರವನ್ನು ಅಂದೇ ಜಮಾ ಮಾಡಲಿ.