ಕಿರಣ ದೆಹಲಿಯಲ್ಲಿ, ಅಳತೆ ಎಲ್ಲಿ?

ಮೊಬೈಲ್ ಫೋನಿನ ಪರದೆಯ ಮೇಲೆ ಬೆರಳಾಡಿಸುವಾಗ ನಮ್ಮ ಸ್ಪರ್ಶವನ್ನು ಗುರುತಿಸುವುದು, ಸಾಮಾನ್ಯವಾಗಿ, ಗಾಜಿನಂತೆ ಪಾರದರ್ಶಕವಾಗಿದ್ದೂ ವಿದ್ಯುತ್ತನ್ನು ಹರಿಯಗೊಡುವ ಇಂಡಿಯಂ-ತವರ ಆಕ್ಸೈಡಿನ ತೆಳುಪದರ. ಇಂಡಿಯಂ ವಿರಳವಾದ, ದುಬಾರಿಯಾದ ಲೋಹ. ಆ ಸ್ಥಾನದಲ್ಲಿ ಅಗ್ಗದ ಸತುವಿನ ಆಕ್ಸೈಡನ್ನು ನಿಲ್ಲಿಸುವ ಯತ್ನ ದಶಕಗಳಿಂದ ನಡೆದಿದೆ. ಭೌತವಿಜ್ಞಾನದ ಅಧ್ಯಾಪಕನಾದ ನಾನೂ ನನ್ನ ವಿದ್ಯಾರ್ಥಿಗಳೂ ಆ ಯತ್ನದ ಸಣ್ಣ ಪಾಲುದಾರರು.

ಇಂತಹ ಆಕ್ಸೈಡುಗಳ ಸ್ವಾರಸ್ಯವೆಂದರೆ, ಅವುಗಳ ಗುಣ ಅಡಗಿರುವುದು ದೋಷದಲ್ಲಿ. ಸ್ಫಟಿಕ ಪರಿಪೂರ್ಣವಾಗಿದ್ದರೆ ವಿದ್ಯುತ್ ಹರಿಯುವುದೇ ಕಷ್ಟ. ಆಮ್ಲಜನಕದ ಕೊರತೆ, ಹೆಚ್ಚುವರಿ ಸತುವಿನ ಪರಮಾಣು, ಒಳನುಸುಳಿದ ಜಲಜನಕ ಇವೆಲ್ಲ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಬದಲಿಸಬಲ್ಲವು. ಯಾವುದರ ಪಾಲೆಷ್ಟು ಎಂಬುದು ಇಂದಿಗೂ ಚರ್ಚೆಯ ವಿಷಯ. ವೇಗದ ಅಯಾನುಗಳ ಕಿರಣಕ್ಕೆ ಪದರವನ್ನು ಒಡ್ಡುವುದೆಂದರೆ ಈ ದೋಷಗಳನ್ನು ಅಳೆದು ತೂಗಿ ಬಿತ್ತುವುದು. ಮಿತದಲ್ಲಿ ಬಿತ್ತಿದರೆ ವಾಹಕತೆ ಏರಬಹುದು. ಅತಿಯಾದರೆ ಅವೇ ದೋಷಗಳು ಎಲೆಕ್ಟ್ರಾನುಗಳ ಹಾದಿಗೆ ಅಡ್ಡವಾಗುತ್ತವೆ. ಅವಾಹಕವಾದ ಸ್ಟ್ರಾಂಷಿಯಂ ಟೈಟನೇಟಿನ ಮೇಲ್ಮೈ ಆರ್ಗಾನ್ ಅಯಾನುಗಳ ಹೊಡೆತದಿಂದ ವಾಹಕವಾಗಿ, ನೀಲಿ ಬೆಳಕನ್ನೂ ಸೂಸಿತೆಂದು ಜಪಾನಿನ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದ್ದರು.

ನಮ್ಮ ದೇಶದಲ್ಲಿ ಈ ಪ್ರಯೋಗಕ್ಕೆ ಬಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗೂ ಬಾಗಿಲು ತೆರೆದಿರುವುದು ಹೆಮ್ಮೆಯ ಸಂಗತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1984ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ನ್ಯೂಕ್ಲಿಯರ್ ಸೈನ್ಸ್ ಸೆಂಟರ್, 2005ರಿಂದ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರವೆನಿಸಿದೆ. ಪ್ರಸ್ತಾವ ಒಪ್ಪಿಗೆಯಾದರೆ ಅಲ್ಲಿನ ಪೆಲೆಟ್ರಾನ್ ಯಂತ್ರದ ಕಿರಣ ನಮ್ಮ ಪದರಕ್ಕೂ ಲಭ್ಯ.

ನನ್ನ ಕಳವಳ ಆರಂಭವಾಗುವುದು ಅಲ್ಲಿಂದ ಹಿಂದಿರುಗಿದ ಮೇಲೆ. ನನ್ನ ವಿದ್ಯಾರ್ಥಿನಿಯೊಬ್ಬಳು ತಿಂಗಳುಗಟ್ಟಲೆ ಕಾದು ಕಿರಣದ ಸರದಿ ಪಡೆದು, ಪದರಗಳನ್ನು ಹತ್ತಿಯಲ್ಲಿ ಸುತ್ತಿ ರೈಲಿನಲ್ಲಿ ತಂದಳು. ಕೇಂದ್ರದಲ್ಲಿಯೂ ಕೆಲವು ಅಳತೆಗಳಿಗೆ ಅವಕಾಶವಿದೆಯಾದರೂ ನಿಗದಿತ ಸರದಿಯಲ್ಲಿ ಎಲ್ಲವೂ ಮುಗಿಯದು. ಇತ್ತ ನಮ್ಮಲ್ಲಿನ ಹಾಲ್ ಮಾಪನದ ಉಪಕರಣ ಕೆಟ್ಟು ವರ್ಷವಾಗಿತ್ತು. ಮತ್ತೊಂದು ಪ್ರಯೋಗಾಲಯದಲ್ಲಿ ಅವಕಾಶ ದೊರೆತದ್ದು ನಾಲ್ಕು ತಿಂಗಳ ನಂತರ.

ಸತುವಿನ ಆಕ್ಸೈಡು ಅಷ್ಟು ಕಾಲ ಸುಮ್ಮನಿರುವ ವಸ್ತುವಲ್ಲ. ಗಾಳಿಯ ಆಮ್ಲಜನಕ ಅದರ ಮೇಲ್ಮೈಗೆ ಅಂಟಿ, ಎಲೆಕ್ಟ್ರಾನುಗಳನ್ನು ಸೆರೆಹಿಡಿದು, ರೋಧವನ್ನು ಹೆಚ್ಚಿಸುತ್ತದೆ. ಕೊನೆಗೆ ಅಳೆದಾಗ ಕಂಡ ಬದಲಾವಣೆಯಲ್ಲಿ ಅಯಾನುಗಳ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ಪ್ರಾಮಾಣಿಕವಾಗಿ ಹೇಳುವಂತಿರಲಿಲ್ಲ. ಆ ಅಧ್ಯಾಯವನ್ನು ಅವಳು ಪ್ರಬಂಧದಿಂದ ಕೈಬಿಟ್ಟಳು. ಕೈಬಿಡದೆ ಅಂಕಿಗಳನ್ನು ಹಾಗೆಯೇ ಪ್ರಕಟಿಸುವ ಆಮಿಷ ಸಣ್ಣದೇನಲ್ಲ ಎಂಬುದನ್ನು ಈ ಕ್ಷೇತ್ರದಲ್ಲಿರುವವರೆಲ್ಲ ಬಲ್ಲರು.

ದೊಡ್ಡ ಯಂತ್ರಗಳ ಉದ್ಘಾಟನೆಗೆ ಸಿಗುವ ಗೌರವ ಸಣ್ಣ ಉಪಕರಣಗಳ ದುರಸ್ತಿಗೆ ನಮ್ಮಲ್ಲಿ ಸಿಗುವುದಿಲ್ಲ. ಹೊಸ ಉಪಕರಣ ಖರೀದಿಗೆ ಅನುದಾನ ದೊರೆತೀತು. ಅದನ್ನು ಸುಸ್ಥಿತಿಯಲ್ಲಿಡುವ ತಂತ್ರಜ್ಞನ ಸಂಬಳಕ್ಕೆ, ವಾರ್ಷಿಕ ನಿರ್ವಹಣೆಗೆ ಹಣವಿರುವುದಿಲ್ಲ. ಪ್ರತಿ ವಿಶ್ವವಿದ್ಯಾಲಯಕ್ಕೂ ವೇಗವರ್ಧಕ ಬೇಕಿಲ್ಲ. ಅದನ್ನು ಹಂಚಿಕೊಳ್ಳುವುದೇ ವಿವೇಕ. ಆದರೆ ನಾಲ್ಕಾರು ಜಿಲ್ಲೆಗಳಿಗೆ ಒಂದರಂತೆ, ಕಾಯಂ ತಂತ್ರಜ್ಞರಿರುವ, ನೆರೆಯ ಕಾಲೇಜುಗಳಿಗೂ ತೆರೆದಿರುವ ಮಾಪನ ಕೇಂದ್ರಗಳು ಅಸಾಧ್ಯವೇನಲ್ಲ.

ಪರಮಾಣುಗಳ ನಡುವೆ ಎಣಿಕೆಯಿಟ್ಟು ದೋಷ ಬಿತ್ತುವುದನ್ನು ನಾವು ಕಲಿತಿದ್ದೇವೆ. ನಮ್ಮ ವ್ಯವಸ್ಥೆಯ ದೋಷ ಮಾತ್ರ ಯಾರೂ ಬಿತ್ತದೆ ಬೆಳೆದದ್ದು. ಅದನ್ನು ಸರಿಪಡಿಸಲು ವೇಗವರ್ಧಕ ಬೇಕಾಗಿಲ್ಲ.