ಹಿಂಬಾಗಿಲು ತೆರೆದಿಟ್ಟವರು ಯಾರು?

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಕಾಯಂ ಮಾಡಿ ಎಂದು ಬೀದಿಗಿಳಿದಾಗಲೆಲ್ಲ ವಿಧಾನಸೌಧದಿಂದ ಬರುವ ಉತ್ತರ ಒಂದೇ: ಉಮಾದೇವಿ ಪ್ರಕರಣ ಅಡ್ಡ ಬರುತ್ತದೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ಆ ತೀರ್ಪು ಹುಟ್ಟಿದ್ದು ನಮ್ಮದೇ ರಾಜ್ಯದ ವ್ಯಾಜ್ಯದಿಂದ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಾನುಗಟ್ಟಲೆ ದಿನಗೂಲಿಗೆ ದುಡಿದವರು ಸೇವೆ ಸಕ್ರಮ ಮಾಡಿ ಎಂದು ಕೇಳಿದ್ದರು, ನ್ಯಾಯಾಲಯ ಒಪ್ಪಲಿಲ್ಲ. 1984ರ ಜುಲೈ 1ರಿಂದಲೇ ದಿನಗೂಲಿ ನೇಮಕಕ್ಕೆ ಸರ್ಕಾರ ನಿಷೇಧ ಹೇರಿತ್ತು. ಇವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಆ ನಂತರ. ನಿಷೇಧ ಮುರಿದದ್ದು ಇಲಾಖೆ, ಅದರ ಫಲ ಉಂಡದ್ದು ನೌಕರರು. ಇಷ್ಟಾಗಿ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆಯಿಲ್ಲದೆ, ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಸಕ್ರಮಗೊಳಿಸಿ, ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ನಡೆಸಿ ಎಂದು ನ್ಯಾಯಾಲಯ ಹೇಳಿತ್ತು. ಆ ಭಾಗವನ್ನು ಯಾವ ಸಚಿವರೂ ಸದನದಲ್ಲಿ ಇಷ್ಟು ಉತ್ಸಾಹದಿಂದ ನೆನಪಿಸಿಕೊಂಡಂತಿಲ್ಲ.

ಅತಿಥಿ ಉಪನ್ಯಾಸಕರಿಗೆ ಕೊಡುವ ಹಣಕ್ಕೆ ಸರ್ಕಾರಿ ಕಡತದಲ್ಲಿ ಸಂಬಳ ಎಂಬ ಹೆಸರಿಲ್ಲ, ಗೌರವಧನ ಎನ್ನುತ್ತಾರೆ. ಈ ಪದದ ಆಯ್ಕೆ ಅಮಾಯಕವಲ್ಲ. ಸಂಬಳ ಎಂದರೆ ಉದ್ಯೋಗದಾತನ ಹೊಣೆ ಬರುತ್ತದೆ. ರಜೆ, ಭವಿಷ್ಯ ನಿಧಿ, ಹೆರಿಗೆ ಸೌಲಭ್ಯದ ಪ್ರಶ್ನೆ ಏಳುತ್ತದೆ. ಗೌರವಧನ ಎಂದರೆ ಇವರು ಬಂದುಹೋಗುವ ಅತಿಥಿಗಳು. ಆದರೆ ಪಾಠ, ಆಂತರಿಕ ಪರೀಕ್ಷೆ, ಹಾಜರಿ ಪುಸ್ತಕ ಎಲ್ಲವೂ ಇವರ ಹೆಗಲ ಮೇಲೇ. ಪಕ್ಕದ ಕುರ್ಚಿಯ ಕಾಯಂ ಪ್ರಾಧ್ಯಾಪಕರು ಬೋಧಿಸುವ ಪಠ್ಯವನ್ನೇ ಇವರೂ ಬೋಧಿಸುತ್ತಾರೆ. ವರ್ಷದ ಕೊನೆಗೆ ಕೈಗೆ ಬಿಡುಗಡೆ ಪತ್ರ ಬರುತ್ತದೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. 2022ರವರೆಗೆ ಯುಜಿಸಿ ಅರ್ಹತೆ ಇದ್ದವರಿಗೂ ಸಿಗುತ್ತಿದ್ದದ್ದು ತಿಂಗಳಿಗೆ 13 ಸಾವಿರ ರೂಪಾಯಿ. ದೀರ್ಘ ಮುಷ್ಕರದ ನಂತರ ಅದು ಗರಿಷ್ಠ 32 ಸಾವಿರಕ್ಕೆ ಏರಿತು. ಹಣ ಹೆಚ್ಚಿತು, ಸೇವಾ ಭದ್ರತೆ ಮಾತ್ರ ಬರಲಿಲ್ಲ.

ಕಾಯಂ ಮಾಡಿದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕರಿಗೆ ಅನ್ಯಾಯ, ಮೀಸಲಾತಿ ರೋಸ್ಟರ್ ತಪ್ಪುತ್ತದೆ ಎಂಬ ಆಕ್ಷೇಪವಿದೆ. ಇದು ತಳ್ಳಿಹಾಕುವ ಮಾತಲ್ಲ. ಶಿಫಾರಸಿನಿಂದ ಬಂದವರು ಕಾಯಂ ಆಗಿಬಿಟ್ಟರೆ ಹಳ್ಳಿಯಿಂದ ಬಂದು ನೆಟ್, ಕೆ-ಸೆಟ್ ಪಾಸಾದ ಹುಡುಗಿಗೆ ಬಾಗಿಲು ಮುಚ್ಚುತ್ತದೆ. ಆದರೆ ಆ ಬಾಗಿಲನ್ನು ಈವರೆಗೆ ಮುಚ್ಚಿಟ್ಟವರು ಅತಿಥಿ ಉಪನ್ಯಾಸಕರಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳಿಂದ ಕಾಲೇಜುಗಳು ನಡೆಯುತ್ತಿದ್ದಾಗ 2021ರಲ್ಲಿ ಅಧಿಸೂಚನೆ ಹೊರಟದ್ದು 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ. ನೇಮಕಾತಿ ನಿಯಮಿತವಾಗಿ ನಡೆದಿದ್ದರೆ ಆ ಹುಡುಗಿಯೂ ಒಳಗಿರುತ್ತಿದ್ದಳು, ಇವರಲ್ಲಿ ಬಹುಪಾಲು ಜನರೂ ಪರೀಕ್ಷೆ ಬರೆದೇ ಒಳಬಂದಿರುತ್ತಿದ್ದರು. ಇಬ್ಬರನ್ನೂ ಕಾಯಿಸಿಟ್ಟ ಸರ್ಕಾರವೇ ಒಬ್ಬರನ್ನು ತೋರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುವುದು ಸರಿಯಲ್ಲ. ಕಾಯಂ ಮಾಡಿದರೆ ಖಜಾನೆಗೆ ಹೊರೆ ಎಂಬ ಮಾತಿಗಂತೂ ಅರ್ಥವೇ ಇಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2016ರ ಜಗಜೀತ್ ಸಿಂಗ್ ಪ್ರಕರಣದಲ್ಲೇ ಹೇಳಿದೆ.

ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳುವ ಚಾಳಿಗೂ ಅದೇ ನ್ಯಾಯಾಲಯ ಉತ್ತರ ಕೊಟ್ಟಾಗಿದೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸರು ಮತ್ತು ತೋಟದ ಮಾಲಿಯ ಮೇಲ್ಮನವಿಯಲ್ಲಿ, 2024ರ ಡಿಸೆಂಬರ್ 20ರಂದು, ದೀರ್ಘಕಾಲ ದುಡಿಸಿಕೊಂಡವರ ಹಕ್ಕು ನಿರಾಕರಿಸಲು ಈ ತೀರ್ಪನ್ನು ಯಾಂತ್ರಿಕವಾಗಿ ಬಳಸುವುದನ್ನು ಅದು ಖಂಡಿಸಿ, ಅವರನ್ನು ಸಕ್ರಮಗೊಳಿಸಲು ಆದೇಶಿಸಿತು. ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ 2025ರ ಮೇ 1ರಂದು ನೇಮಕಾತಿ ಪತ್ರ ಕೊಟ್ಟದ್ದು ಇದೇ ಸರ್ಕಾರ. ಮನಸ್ಸಿದ್ದಾಗ ದಾರಿ ಕಂಡಿತ್ತು. ಕಾಲೇಜುಗಳ ವಿಷಯದಲ್ಲೂ ಖಾಲಿ ಹುದ್ದೆಗಳ ಪಟ್ಟಿ ಪ್ರಕಟಿಸಿ, ಪರೀಕ್ಷೆಯ ದಿನಾಂಕ ಘೋಷಿಸಿ, ಬೋಧಿಸಿದ ಪ್ರತಿ ವರ್ಷಕ್ಕೂ ಸೇವಾ ಕೃಪಾಂಕ ಮತ್ತು ವಯೋಮಿತಿ ಸಡಿಲಿಕೆ ಕೊಡಲಿ. ಅಲ್ಲಿಯವರೆಗೆ ಯಾರ ಕೈಗೂ ಬಿಡುಗಡೆ ಪತ್ರ ಇಡಬಾರದು.